ನಮ್ಮ ಎಂ.ಪಿ. ಹೂಂ ಅಂದರೋ, ಉಹೂಂ ಅಂದರೋ?



2025ರ ಡಿಸೆಂಬರ್ 16, ಮಂಗಳವಾರ. ಹಾಸ್ಟೆಲಿಗೆ ಬರುವ ಒಂದೇ ಒಂದು ಪೇಪರನ್ನು ನಾಲ್ಕು ಜನ ನಾಲ್ಕು ಹಾಳೆ ಮಾಡಿಕೊಂಡು ಓದುತ್ತಿದ್ದೆವು. ಹಿಂದಿನ ದಿನ ಲೋಕಸಭೆಯಲ್ಲಿ ಅಣುಶಕ್ತಿಯ ಹೊಸ ಮಸೂದೆ ಮಂಡಿಸಿದ ಸುದ್ದಿ ಅದರಲ್ಲಿತ್ತು. ಇಂಗ್ಲಿಷ್ ಪದಗಳ ಮೊದಲಕ್ಷರ ಪೋಣಿಸಿ ಅದಕ್ಕೆ ‘ಶಾಂತಿ’ ಎಂದು ಹೆಸರಿಟ್ಟಿದ್ದರು. ಅವತ್ತು ರಾತ್ರಿಯೇ ಊಟ ಮುಗಿಸಿ ಕೂತು ನಮ್ಮ ಕ್ಷೇತ್ರದ ಎಂ.ಪಿ.ಯವರಿಗೆ ಕಾಗದ ಬರೆದೆವು. ಹನ್ನೊಂದು ಜನ ಸಹಿ ಹಾಕಿದೆವು. ಬುಧವಾರ ಬೆಳಿಗ್ಗೆ ಸ್ಪೀಡ್ ಪೋಸ್ಟ್ ಮಾಡಿದೆವು. ಆ ಬುಧವಾರವೇ ಲೋಕಸಭೆ ಮಸೂದೆಯನ್ನು ಪಾಸು ಮಾಡಿತು. ಗುರುವಾರ ರಾಜ್ಯಸಭೆಯೂ ಮಾಡಿತು. ನಮ್ಮ ಕಾಗದ ಇನ್ನೂ ಟಪಾಲು ಚೀಲದೊಳಗೇ ಇತ್ತು. ಪೋಸ್ಟು ಹೆಸರಿಗೆ ಸ್ಪೀಡು, ಕಾಯಿದೆ ಅದಕ್ಕಿಂತ ಸ್ಪೀಡು.

ಅಣು ಬೇಡ ಅಂತ ನಾವೇನೂ ಬರೆದಿರಲಿಲ್ಲ. ಬರೆಯುವ ಹಾಗೂ ಇರಲಿಲ್ಲ, ನಮ್ಮನಮ್ಮಲ್ಲೇ ಜಗಳ. ಪರೀಕ್ಷೆ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುವ ಹಾಸ್ಟೆಲಿನಲ್ಲಿ ಕೂತು ಕರೆಂಟು ಬೇಡ ಅನ್ನೋಕೆ ನಾಚಿಕೆ ಆಗಲ್ವೇನ್ರೋ ಅಂದರು ಬಿ.ಎಸ್ಸಿ.ಯವರು. ಕಾರವಾರದ ಕಡೆಯ ಗೆಳೆಯ ಮಾತಾಡಲಿಲ್ಲ, ಸುಮ್ಮನೆ ಸಹಿ ಹಾಕಿದ. ನಾವು ಕೇಳಿದ್ದು ಇಷ್ಟೇ: ಸ್ವಾಮಿ, ತಾವು ಯಾವ ಕಡೆ? ಯಾಕೆ? ಯಾರನ್ನು ಕೇಳಿ?

ಈ ಮೂರು ಮಾತಿಗೆ ಇಪ್ಪತ್ತು ವರ್ಷದ ಬೇರು ಇದೆ. 2005ರ ಜುಲೈ 18ರಂದು ಮನಮೋಹನ್ ಸಿಂಗ್ ಮತ್ತು ಬುಷ್ ವಾಷಿಂಗ್ಟನ್‌ನಲ್ಲಿ ಕೂತು ಅಣು ಒಪ್ಪಂದದ ಮಾತು ಆಡಿದರು. ನಾವಾಗ ಇನ್ನೂ ಅಂಗನವಾಡಿಗೂ ಹೋಗಿರಲಿಲ್ಲ. 2008ರ ಜುಲೈಯಲ್ಲಿ ಎಡಪಕ್ಷಗಳು ಬೆಂಬಲ ವಾಪಸು ತೆಗೆದುಕೊಂಡವು, 22ರಂದು ಲೋಕಸಭೆಯಲ್ಲಿ ಓಟಾಯಿತು. ಪರ 275, ವಿರುದ್ಧ 256. ಕೆಲವು ಸದಸ್ಯರು ಲಂಚ ಕೊಟ್ಟಿದ್ದರೆಂದು ನೋಟಿನ ಕಂತೆ ತಂದು ಸಭೆಯ ಮೇಜಿನ ಮೇಲೆ ಸುರಿದರು. ಆದರೆ ಗಮನಿಸಿ, ಆ ಓಟು ಒಪ್ಪಂದದ ಮೇಲಲ್ಲ. ಸರ್ಕಾರ ಇರಬೇಕೋ ಬೀಳಬೇಕೋ ಎಂಬುದರ ಮೇಲೆ. ನಮ್ಮ ದೇಶದಲ್ಲಿ ಹೊರದೇಶದ ಜೊತೆ ಸಹಿ ಹಾಕಲು ಸರ್ಕಾರಕ್ಕೆ ಪಾರ್ಲಿಮೆಂಟಿನ ಒಪ್ಪಿಗೆ ಬೇಕಾಗಿಲ್ಲ. ಅಮೆರಿಕದಲ್ಲಿ ಬೇಕಾಯಿತು. ಅಲ್ಲಿನ ಸೆನೆಟ್ಟು 2008ರ ಅಕ್ಟೋಬರ್ 1ರಂದು ಅದೇ ಒಪ್ಪಂದದ ಮೇಲೆ ಓಟು ಹಾಕಿತು: 86 ಪರ, 13 ವಿರುದ್ಧ. ಅಲ್ಲಿನ ರೈತನೊಬ್ಬ ತನ್ನ ಸೆನೆಟರು ನಮ್ಮ ಅಣುವಿನ ಬಗ್ಗೆ ಏನಂದ ಎಂದು ಹೆಸರು ನೋಡಿ ಹೇಳಬಲ್ಲ. ಆ ಭಾಗ್ಯ ನಮಗಿಲ್ಲ.

ಅವತ್ತಿನ ಕುರ್ಚಿ ಓಟಿನಲ್ಲೂ ಒಂದು ಮೇಲಿತ್ತು, ಹೆಸರು ದಾಖಲಾಯಿತು. ಬೆಂಗಳೂರು ಉತ್ತರದ ಎಚ್.ಟಿ. ಸಾಂಗ್ಲಿಯಾನ ತಮ್ಮ ಪಕ್ಷದ ಮಾತು ಮೀರಿ ಸರ್ಕಾರದ ಪರ ಓಟು ಹಾಕಿದರು, ಬಿಜೆಪಿ ಅವರನ್ನು ಹೊರಗೆ ಹಾಕಿತು. ಸರಿಯೋ ತಪ್ಪೋ, ಅವರ ಕ್ಷೇತ್ರದವರಿಗೆ ಬಯ್ಯಲಿಕ್ಕೋ ಹೊಗಳಲಿಕ್ಕೋ ಏನೋ ಒಂದು ಸಿಕ್ಕಿತು.

ಮುಂದೆ 2010. ಜೂನಿನಲ್ಲಿ ಭೋಪಾಲ್ ಕೇಸಿನ ತೀರ್ಪು ಬಂತು. ಇಪ್ಪತ್ತೈದು ವರ್ಷ ಕಾದವರಿಗೆ ಸಿಕ್ಕಿದ್ದು ಎರಡು ವರ್ಷದ ಶಿಕ್ಷೆ, ಕೂಡಲೇ ಜಾಮೀನು. ದೇಶಕ್ಕೆ ದೇಶವೇ ಉಗಿಯಿತು. ಆ ಸಿಟ್ಟಿನ ಬಿಸಿಯಲ್ಲೇ ಆಗಸ್ಟಿನಲ್ಲಿ ಪಾಸಾದ ಅಣು ಪರಿಹಾರದ ಕಾಯಿದೆಗೆ ಒಂದು ಹಲ್ಲು ಬಂತು: ಕೆಟ್ಟ ಯಂತ್ರ ಮಾರಿ ಅನಾಹುತವಾದರೆ, ಸ್ಥಾವರ ನಡೆಸುವವರು ಮಾರಿದವನ ಮೇಲೂ ಹೋಗಬಹುದು. ಹೊರದೇಶದ ಕಂಪನಿಗಳಿಗೆ ಆ ಹಲ್ಲು ನುಂಗಲಾರದ ತುತ್ತಾಯಿತು. ಒಪ್ಪಂದವಾಗಿ ಹದಿನೇಳು ವರ್ಷವಾದರೂ ಅದರಡಿಯಲ್ಲಿ ಅಮೆರಿಕದ ಒಂದು ರಿಯಾಕ್ಟರೂ ಇಲ್ಲಿ ಎದ್ದಿರಲಿಲ್ಲ.

2025ರ ‘ಶಾಂತಿ’ ಬಂದದ್ದು ಆ ಹಲ್ಲು ಕೀಳಲಿಕ್ಕೆ. ಮಾರಿದವನ ಜೊತೆಗಿನ ಕರಾರಿನಲ್ಲಿ ಬರೆದುಕೊಂಡಿದ್ದರೆ ಉಂಟು, ಇಲ್ಲದಿದ್ದರೆ ಕೆಟ್ಟ ಯಂತ್ರಕ್ಕೆ ಅವನನ್ನು ಹಿಡಿಯುವಂತಿಲ್ಲ. ಖಾಸಗಿಯವರಿಗೂ ಸ್ಥಾವರ ನಡೆಸಲು ಬಾಗಿಲು ತೆರೆಯಿತು. ಎಷ್ಟೇ ದೊಡ್ಡ ಸ್ಥಾವರವಿರಲಿ, ನಡೆಸುವವನ ಹೊಣೆ 3,000 ಕೋಟಿ ರೂಪಾಯಿಗೆ ಮುಗಿಯಿತು. ತಮಾಷೆ ನೋಡಿ. 2008ರಲ್ಲಿ ಒಪ್ಪಂದ ತಂದವರು ಕಾಂಗ್ರೆಸ್ಸಿನವರು, ಎದುರು ಓಟು ಹಾಕಿದವರು ಬಿಜೆಪಿಯವರು. 2025ರಲ್ಲಿ ಮಸೂದೆ ತಂದವರು ಬಿಜೆಪಿಯವರು, ಸಭೆ ಬಿಟ್ಟು ಹೊರನಡೆದವರು ಕಾಂಗ್ರೆಸ್ಸಿನವರು. ಅಣು ಅಲ್ಲೇ ಇತ್ತು, ಇವರು ಕೂತ ಬೆಂಚು ಬದಲಾಗಿತ್ತು.

ಮಸೂದೆ ಪಾಸಾದದ್ದು ಧ್ವನಿಮತದಲ್ಲಿ. ಅಂದ್ರೆ ಹೂಂ ಅನ್ನೋರು ಹೂಂ ಅನ್ನಿ, ಉಹೂಂ ಅನ್ನೋರು ಉಹೂಂ ಅನ್ನಿ, ಆಯ್ತು, ಪಾಸು. ಯಾರ ಬಾಯಿ ಏನಂದಿತು ಎಂಬುದಕ್ಕೆ ಲೆಕ್ಕವಿಲ್ಲ. ನಮ್ಮೂರ ಸೊಸೈಟಿಯಲ್ಲಿ ಎರಡು ಕೆ.ಜಿ. ಅಕ್ಕಿಗೂ ಹೆಬ್ಬೆಟ್ಟು ಒತ್ತಬೇಕು.

ಇದೆಲ್ಲ ದೂರದ ಮಾತು ಅನ್ನಬೇಡಿ. ಒಪ್ಪಂದಕ್ಕಾಗಿ ಸರ್ಕಾರ ದೇಶದ 22 ರಿಯಾಕ್ಟರುಗಳನ್ನು ಎರಡು ಸಾಲು ಮಾಡಿತ್ತು. 14ನ್ನು ಅಂತಾರಾಷ್ಟ್ರೀಯ ಸಂಸ್ಥೆಯವರು ಬಂದು ನೋಡಬಹುದು, 8ನ್ನು ನೋಡುವಂತಿಲ್ಲ. ನಮ್ಮ ಕೈಗಾದ ನಾಲ್ಕೂ ಆ ಎಂಟರೊಳಗೆ. ಅವರು ನೋಡಲು ಬರುವುದು ಬಾಂಬಿಗೆ ಸಾಮಾನು ಹೋಯಿತೇ ಎಂದು, ಕೆಲಸಗಾರರ ಜೀವ ನೋಡಲಿಕ್ಕಲ್ಲ, ಗೊತ್ತು. ಆದರೂ ಕರ್ನಾಟಕದ ಒಬ್ಬ ಎಂ.ಪಿ.ಯಾದರೂ ನಮ್ಮ ಕೇರಿಗೆ ಬಂದು ಇದನ್ನು ಬಿಡಿಸಿ ಹೇಳಿದ್ದುಂಟೇ? 1994ರಲ್ಲಿ ಕಟ್ಟುತ್ತಿದ್ದ ಹಂತದಲ್ಲೇ ಕೈಗಾದ ಗುಮ್ಮಟದ ಒಳಭಾಗ ಕುಸಿದುಬಿತ್ತು. 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಬೆರೆಸಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈ ಸೇರಿತು. ಕುಡಿಯುವ ನೀರಿನ ಕತೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಕೈಗಾದಲ್ಲಿ ತಲಾ 700 ಮೆಗಾವ್ಯಾಟಿನ ಇನ್ನೆರಡಕ್ಕೆ ಕೇಂದ್ರ 2017ರಲ್ಲೇ ಒಪ್ಪಿಗೆ ಕೊಟ್ಟಿದೆ. 1989ರಲ್ಲಿ ಶಿವರಾಮ ಕಾರಂತರು, ಎಂಬತ್ತೇಳು ವರ್ಷದ ಮುದುಕ, ಕೈಗಾ ಬೇಡ ಎಂದು ಹೇಳಿಯೇ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಸೋತರು. ಅವರು ಓಟು ಕೇಳುವ ಮೊದಲೇ ತಮ್ಮ ನಿಲುವು ಹೇಳಿದ್ದರು.

ಜನವರಿಯಲ್ಲಿ ನಾವು ಮೂವರು ಎಂ.ಪಿ.ಯವರ ಆಫೀಸಿಗೆ ಹೋದೆವು. ಪಿ.ಎ. ಇದ್ದರು, ನಮ್ಮ ಕಡೆಯವರೇ. ಚಾ ತರಿಸಿದರು. “ನಿಮಗ್ಯಾಕ್ರಪ್ಪಾ ಅಣು ಗಿಣು? ಹಾಸ್ಟೆಲಿಗೆ ಬೋರ್‌ವೆಲ್ ಬೇಕಾ, ಮಂಚ ಬೇಕಾ, ಬರಕೊಡಿ, ಸಾಹೇಬರ ಹತ್ರ ಮಾಡಿಸ್ತೀನಿ” ಅಂದರು.

“ಅಣ್ಣಾ, ಅವತ್ತು ಸಾಹೇಬರು ಸಭೆ ಒಳಗಿದ್ದರಾ, ಹೊರಗಿದ್ದರಾ?”

“ಪಾರ್ಟಿ ಎಲ್ಲಿತ್ತೋ ಅಲ್ಲೇ ಇದ್ರು.”

ಅವರು ಸುಳ್ಳು ಹೇಳಲಿಲ್ಲ. ವಿಪ್ ಮೀರಿದರೆ ಸ್ಥಾನ ಹೋಗುತ್ತದೆ ಎಂದು 1985ರಲ್ಲೇ ಕಾನೂನಾಗಿದೆ. ಆದರೆ ಬಾಬಾಸಾಹೇಬರು 1948ರ ನವೆಂಬರ್ 4ರಂದು ಕರಡು ಸಂವಿಧಾನ ಮಂಡಿಸುವಾಗ ಹೇಳಿದ್ದು ಬೇರೆ. ಸರ್ಕಾರದ ಭದ್ರತೆಗಿಂತ ಅದರ ಹೊಣೆಗಾರಿಕೆ ದೊಡ್ಡದೆಂದು ಈ ಪದ್ಧತಿ ಆರಿಸಿದ್ದೇವೆ ಎಂದರು. ದಿನದಿನವೂ ಸದಸ್ಯರು ಪ್ರಶ್ನೆ ಕೇಳಿ ಸರ್ಕಾರವನ್ನು ತೂಗಬೇಕು, ಚುನಾವಣೆ ಬಂದಾಗ ಜನ ತೂಗಬೇಕು ಎಂದರು. ತೂಗೋಣ ಸ್ವಾಮಿ. ತಕ್ಕಡಿಗೆ ಹಾಕಲು ಏನಾದರೂ ಕೊಡಿ.

ಬೋರ್‌ವೆಲ್ಲಿಗೆ ಅರ್ಜಿ ಬರೆದುಕೊಟ್ಟೇ ಬಂದೆವು. ನೀರು ಬೇಕಲ್ಲ. ಅಣುವಿನ ಕಾಗದಕ್ಕೆ ಈವರೆಗೆ ಉತ್ತರವಿಲ್ಲ. ನಕಲು ನಮ್ಮ ಟ್ರಂಕಿನಲ್ಲಿದೆ. ಹಾಸ್ಟೆಲ್ ಡೇಗೆ ಎಂ.ಪಿ.ಯವರೇ ಮುಖ್ಯ ಅತಿಥಿ ಎಂದು ವಾರ್ಡನ್ ಹೇಳಿದ್ದಾರೆ, ಹಾರ ಹಾಕುವ ಸರದಿ ನಮ್ಮ ರೂಮಿನವರದು. ಹಾರದ ಹಿಂದೆಯೇ ನಕಲನ್ನೂ ಕೈಗಿಡುತ್ತೇವೆ. ಮೈಕು ಎದುರಿಗೇ ಇರುತ್ತದೆ.