ಕಡತ ಮುಚ್ಚಿತು, ಕಾರಣ ಉಳಿಯಿತು

ಸುಮಾರು 40 ವರ್ಷಗಳ ಹಿಂದೆ, ನಾನು ಸರ್ಕಾರಿ ಸೇವೆಗೆ ಸೇರಿದ ಹೊಸದರಲ್ಲಿ, ಕಡತವೊಂದು ನನ್ನ ಮೇಜಿಗೆ ಬಂದಿತ್ತು. ತರಬೇತಿ ವಿಮಾನವೊಂದು ನೆಲಕ್ಕಿಳಿದ ಮೇಲೆ ರನ್‌ವೇಯಲ್ಲೇ ಗಿರಕಿ ಹೊಡೆದು ರೆಕ್ಕೆಯ ತುದಿ ಮುರಿದುಕೊಂಡಿತ್ತು. ಯಾರಿಗೂ ಗಾಯವಾಗಿರಲಿಲ್ಲ. ಕಾರಣದ ಅಂಕಣದಲ್ಲಿ ‘ಚಾಲಕನ ಅಜಾಗರೂಕತೆ’ ಎಂದಷ್ಟೇ ಬರೆದಿತ್ತು. ಆ ವಿದ್ಯಾರ್ಥಿಯ ಶಿಷ್ಯವೇತನ ನಿಲ್ಲಿಸುವ ಟಿಪ್ಪಣಿಗೆ ನಾನು ಸಹಿ ಹಾಕಿದೆ. ಆ ಸಹಿಯ ಬಗ್ಗೆ ಇಂದು ನನಗೆ ಸಮಾಧಾನವಿಲ್ಲ.

ಅದು ಬಾಲಚಕ್ರದ ವಿಮಾನ: ಮುಂದೆ ಎರಡು ದೊಡ್ಡ ಚಕ್ರಗಳು, ಬಾಲದಡಿ ಒಂದು ಪುಟ್ಟ ಚಕ್ರ. ಬೆಂಗಳೂರಿನ ಎಚ್‌ಎಎಲ್ ನಿರ್ಮಿಸಿದ, 1958ರಲ್ಲಿ ಮೊದಲ ಹಾರಾಟ ಕಂಡ ‘ಪುಷ್ಪಕ್’ ಕೂಡ ಇದೇ ಬಗೆಯದು. ಇಂಥ ವಿಮಾನದ ಗುರುತ್ವಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ. ಅಡ್ಡಗಾಳಿಗೆ ಸಿಕ್ಕು ಓರೆಯಾಗಿ ನೆಲ ಮುಟ್ಟಿದರೆ, ಹಿಂದಿನ ಭಾರ ಮುಂದಕ್ಕೆ ನುಗ್ಗಲು ಹವಣಿಸಿ ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ವೇಗ ತಗ್ಗಿದಂತೆ ಬಾಲದ ಚುಕ್ಕಾಣಿಯ ಹಿಡಿತವೂ ತಗ್ಗುತ್ತದೆ. ತಿದ್ದಿಕೊಳ್ಳಲು ಸಿಗುವುದು ಕೆಲವೇ ಕ್ಷಣ. ಮೂಗಿನಡಿ ಚಕ್ರವಿರುವ ವಿಮಾನದಲ್ಲಿ ಭಾರ ಮುಖ್ಯ ಚಕ್ರಗಳ ಮುಂದಿರುವುದರಿಂದ ಅದು ತಾನಾಗಿಯೇ ನೇರವಾಗಲು ಯತ್ನಿಸುತ್ತದೆ. ಅಮೆರಿಕದ ಸೆಸ್ನಾ ಕಂಪನಿ ತನ್ನ ಬಾಲಚಕ್ರದ 170 ಮಾದರಿಗೆ ಮೂಗುಚಕ್ರ ಜೋಡಿಸಿ 1956ರಲ್ಲಿ ಮಾರುಕಟ್ಟೆಗೆ ತಂದ 172, ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿದೆ.

ಹಾಗೆಂದು ಬಾಲಚಕ್ರವನ್ನು ಕೈಬಿಡಬೇಕೆಂದಲ್ಲ. ಅಲಾಸ್ಕದ ಒರಟು ನೆಲದಲ್ಲಿ, ಹೊಲಗಳಿಗೆ ಔಷಧ ಸಿಂಪಡಿಸುವ ಕೆಲಸದಲ್ಲಿ ಅದಿಂದಿಗೂ ಉಪಯುಕ್ತ. ಆದರೆ ಅದಕ್ಕೆ ಬೇರೆಯದೇ ತರಬೇತಿ ಬೇಕು. ಅಮೆರಿಕ 1991ರಿಂದ ಇದನ್ನು ನಿಯಮವಾಗಿಸಿದೆ: ಅಡ್ಡಗಾಳಿಯಲ್ಲಿ ಇಳಿಯುವುದನ್ನೂ, ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವುದನ್ನೂ ಕಲಿತು, ಬೋಧಕನಿಂದ ಲಿಖಿತ ದೃಢೀಕರಣ ಪಡೆದ ಬಳಿಕವೇ ಚಾಲಕ ಅದರ ಹೊಣೆ ವಹಿಸಿಕೊಳ್ಳಬಹುದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ವ್ಯಕ್ತಿಯ ಮೇಲೆ ಹೊಣೆ ಹೊರಿಸುವುದು ಆಡಳಿತಕ್ಕೆ ಅತಿ ಅಗ್ಗದ ದಾರಿ. ಕಡತ ಅಂದೇ ಮುಚ್ಚುತ್ತದೆ. ಅದರ ಬೆಲೆಯನ್ನು ಮುಂದಿನ ವಿದ್ಯಾರ್ಥಿ ತೆರುತ್ತಾನೆ. ಚಾಲಕನ ತಪ್ಪು ಇರಲಿಲ್ಲವೆಂದು ನಾನು ವಾದಿಸುತ್ತಿಲ್ಲ. ಆದರೆ ಅಂದು ಗಾಳಿ ಎಷ್ಟಿತ್ತು? ಅಂಥ ಗಾಳಿಯಲ್ಲಿ ಅವನಿಗೆ ಎಷ್ಟು ಗಂಟೆಗಳ ಅಭ್ಯಾಸ ಮಾಡಿಸಲಾಗಿತ್ತು? ಒಬ್ಬನೇ ಹಾರಲು ಒಪ್ಪಿಗೆ ಕೊಟ್ಟವರು ಯಾರು? ಈ ಪ್ರಶ್ನೆಗಳು ಆ ಕಡತದಲ್ಲಿರಲಿಲ್ಲ, ನಾನೂ ಕೇಳಲಿಲ್ಲ. ಇಂದು ತನಿಖಾ ವರದಿಗಳಿಗೆ ಸಹಿ ಹಾಕುವವರಾದರೂ ಕೇಳಬೇಕು.