ಹಿತ್ತಲ ಬಾಗಿಲೂ ಮದ್ದೇ

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು – ಒಂದೇ ರೈಲು ಹಳಿಗೆ ಪೋಣಿಸಿದಂತಿರುವ ಮೂರು ಊರುಗಳು. ಮೂರರಲ್ಲೂ ಹಳೆಯ ಓಣಿಗಳಿವೆ, ಓಣಿಗಳಲ್ಲಿ ಹಳೆಯ ಮನೆಗಳಿವೆ, ಮನೆಗಳ ಮುಂದೆ ಕಟ್ಟೆಗಳಿವೆ. ಓಣಿಗೆ ಯಾರು ಬಂದರು, ಯಾರ ಮನೆ ಹೊಕ್ಕರು, ಎಷ್ಟು ಹೊತ್ತಿಗೆ ಹೊರಬಿದ್ದರು ಎಂಬುದು ಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತು. “ಯಾಕವ್ವಾ, ಮಗನ್ನ ಕರಕೊಂಡು ಇಲ್ಲಿಗೆ ಬಂದೀಯಲ್ಲ, ಏನಾಗೇತಿ ಅವಗ?” ಎಂದು ಕೇಳುವುದು ಇಲ್ಲಿ ಚಾಡಿಯಲ್ಲ, ಅಂತಃಕರಣ. ಆದರೆ ನಾಲ್ಕು ವರ್ಷವಾದರೂ ಮಾತು ಬಾರದ ಮಗನ ತಾಯಿಗೆ ಆ ಪ್ರಶ್ನೆ ಚುಚ್ಚುತ್ತದೆ. ಮುಂದಿನ ವಾರ ಆಕೆ ಬರದೇ ಉಳಿದರೆ ಚಿಕಿತ್ಸೆ ಅಲ್ಲಿಗೇ ನಿಂತಂತೆ. ಒಳಗೆ ಕೂತ ಚಿಕಿತ್ಸಕರು ಎಷ್ಟೇ ಕಲಿತವರಾಗಿರಲಿ, ಸೋಲಾದದ್ದು ಬಾಗಿಲಿನಲ್ಲಿ.

1997ರಲ್ಲಿ ಹಾವೇರಿ ಜಿಲ್ಲೆಯಾಗುವ ಮೊದಲು ಇವೆಲ್ಲ ಧಾರವಾಡ ಜಿಲ್ಲೆಯ ಊರುಗಳು. ಲಕ್ವ ಹೊಡೆದವರ ಕೈಕಾಲು ಆಡಿಸಲಿಕ್ಕೆ, ಮಕ್ಕಳ ತೊದಲು ತಿದ್ದಲಿಕ್ಕೆ, ಮನಸ್ಸಿನ ಬೇಗೆ ಹೇಳಿಕೊಳ್ಳಲಿಕ್ಕೆ ಹುಬ್ಬಳ್ಳಿ, ಧಾರವಾಡ ಇಲ್ಲವೇ ದಾವಣಗೆರೆಯ ಬಸ್ಸು ಹತ್ತಬೇಕಿತ್ತು. ಈಗ ಇದೇ ಊರುಗಳ ಹುಡುಗ ಹುಡುಗಿಯರು ಫಿಜಿಯೋಥೆರಪಿ ಕಲಿತು, ವಾಕ್‌ಚಿಕಿತ್ಸೆ ಕಲಿತು, ಆಪ್ತಸಮಾಲೋಚನೆ ಕಲಿತು ಹಿಂದಿರುಗುತ್ತಿದ್ದಾರೆ. ಬಜಾರದಲ್ಲಿ ಮಳಿಗೆ ಹಿಡಿದರೆ ಬಾಡಿಗೆ, ಮುಂಗಡ ಎಂದು ಕೈ ಸುಡುತ್ತದೆ. ಅಜ್ಜನ ಕಾಲದ ಮನೆ ಹೇಗೂ ಇದೆಯಲ್ಲ, ಮುಂದಿನ ಭಾಗದಲ್ಲಿ ಚಿಕಿತ್ಸೆ, ಹಿಂದಿನ ಭಾಗದಲ್ಲಿ ಸಂಸಾರ ಎಂಬ ಯೋಚನೆ ಸಹಜವಾಗಿಯೇ ಬರುತ್ತದೆ. ಇದೇನೂ ಹೊಸತಲ್ಲ. ಎಲುಬು ಕಟ್ಟುವವರು, ಕಾಮಾಲೆಗೆ ಔಷಧ ಕೊಡುವವರು ತಲೆಮಾರುಗಳಿಂದ ಪಡಸಾಲೆಯಲ್ಲೇ ಕೂತು ಕೆಲಸ ಮಾಡಿದವರು.

ತೊಂದರೆ ಶುರುವಾಗುವುದು ರಿಪೇರಿಗೆ ಕೈ ಹಚ್ಚಿದಾಗ. ಮೊದಲು ವಾಸ್ತು ಹೇಳುವವರು ಬರುತ್ತಾರೆ, ಆಮೇಲೆ ಗೌಂಡಿ. ಒಬ್ಬರು ಬಾಗಿಲು ಕೀಳಿಸುತ್ತಾರೆ, ಇನ್ನೊಬ್ಬರು ಗೋಡೆ ಕೆಡವಿಸುತ್ತಾರೆ. ಎರಡಡಿ ದಪ್ಪದ ಮಣ್ಣಿನ ಗೋಡೆ ಹೋಗಿ ಅಲ್ಲಿ ಪ್ಲೈವುಡ್ಡಿನ ಅಡ್ಡತಟ್ಟಿ ನಿಲ್ಲುತ್ತದೆ. ನೋಡಲು ಪೇಟೆಯ ಕ್ಲಿನಿಕ್ಕಿನಂತೆ ಠೀಕಾಗಿರುತ್ತದೆ. ಆದರೆ ಒಳಗಿನ ಮಾತು ಹೊರಗೆ ಸರದಿಗೆ ಕಾದವರ ಕಿವಿಗೆ ಚಾಚೂ ತಪ್ಪದೆ ತಲುಪುತ್ತದೆ.

ಸದ್ದನ್ನು ತಡೆಯುವುದು ಮುಖ್ಯವಾಗಿ ತೂಕ. ಗೋಡೆಯ ತೂಕ ಎರಡು ಪಟ್ಟಾದರೆ ದಾಟುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆಂಬುದು ಧ್ವನಿಶಾಸ್ತ್ರದ ಒಂದು ಸ್ಥೂಲ ನಿಯಮ. ಹಾಗೆ ನೋಡಿದರೆ ಅಜ್ಜನ ಮಣ್ಣಿನ ಗೋಡೆ ಹಣ ಕೊಟ್ಟರೂ ಇಂದು ಕಟ್ಟಿಸಲಾಗದ ಧ್ವನಿನಿರೋಧಕ. ಮಾಳಿಗೆ ಮನೆಯಾದರಂತೂ ತಲೆಯ ಮೇಲೆಯೂ ಮಣ್ಣೇ. ಹಂಚಿನ ಮನೆಯಲ್ಲಿ ಮಾತ್ರ ಒಂದು ಮೋಸವಿದೆ. ಒಳಗಿನ ಗೋಡೆಗಳು ಎಷ್ಟೋ ಕಡೆ ಮಾಡಿನವರೆಗೆ ಏರದೆ ನಡುವೆಯೇ ನಿಂತಿರುತ್ತವೆ. ಗೋಡೆ ಎಷ್ಟು ದಪ್ಪವಿದ್ದರೇನು, ಮಾತು ಅದರ ತಲೆಯ ಮೇಲಿನಿಂದ ಹಾರಿ ಪಕ್ಕದ ಕೋಣೆಗೆ ಇಳಿಯುತ್ತದೆ. ಅಂಥ ಮನೆಯಲ್ಲಿ ಮೊದಲ ಖರ್ಚು ಟೈಲ್ಸಿಗಲ್ಲ, ಆ ಮೇಲಿನ ಬಯಲನ್ನು ಮುಚ್ಚುವುದಕ್ಕೆ ಆಗಬೇಕು.

ಇನ್ನು ಬಾಗಿಲು. ಆರೂವರೆ ಅಡಿ ಎತ್ತರ, ಮೂರಡಿ ಅಗಲದ ಬಾಗಿಲೆಂದರೆ ಹತ್ತೊಂಬತ್ತೂವರೆ ಚದರಡಿ. ಕೆಳಗೆ ಒಂದೇ ಒಂದು ಅಂಗುಲ ಸಂದು ಬಿಟ್ಟರೆ ಆ ಸಂದು ಕಾಲು ಚದರಡಿಯಾಯಿತು. ಅಂದರೆ ಬಾಗಿಲಿನ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು. ನೂರಕ್ಕೆ ಒಂದು ಪಾಲು ಬಯಲಿದ್ದರೆ ಸದ್ದಿನ ಶಕ್ತಿಯಲ್ಲೂ ನೂರಕ್ಕೆ ಒಂದು ಪಾಲು ಆಚೆ ದಾಟುತ್ತದೆ. ಅಷ್ಟೇ ತಾನೆ ಎನ್ನುವಂತಿಲ್ಲ. ಕಿವಿಯ ಲೆಕ್ಕವೇ ಬೇರೆ. ನೂರನೇ ಒಂದು ಪಾಲು ಎಂದರೆ ಬರೀ 20 ಡೆಸಿಬೆಲ್ ಇಳಿಕೆ. ಒಳಗೆ ಸಹಜವಾಗಿ ಆಡಿದ 60 ಡೆಸಿಬೆಲ್ ಮಾತು ಹೊರಗೆ 40ರ ಹತ್ತಿರ ಕೇಳಿಸುತ್ತದೆ. ಮಧ್ಯಾಹ್ನದ ನೀರವ ಪಡಸಾಲೆಯಲ್ಲಿ ಅದು ಬಿಡಿಬಿಡಿಯಾಗಿ ಅರ್ಥವಾಗುವಷ್ಟು ಸದ್ದು. ಬಾಗಿಲು ಸಾಗುವಾನಿಯದಿರಲಿ, ಉಕ್ಕಿನದೇ ಇರಲಿ, ಸಂದು ಇರುವ ತನಕ ಇದೇ ಫಲ. ಚಿಕಿತ್ಸೆಗೆ ಬಂದವರ ಗುಟ್ಟು ಕಾಯುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರ ಹಕ್ಕು ಎಂದೇ ಹೇಳಿದೆ. ಕಾಯ್ದೆ ಬಂದು ಬಾಗಿಲ ಸಂದು ಮುಚ್ಚುವುದಿಲ್ಲ.

ನಮ್ಮ ಹಿರಿಯರು ಅದನ್ನು ಮುಚ್ಚಿದ್ದರು, ಹೊಸಿಲಿನಿಂದ. ಅವರಿಗೆ ಬೇಕಾಗಿದ್ದದ್ದು ಹಾವು ಚೇಳು ಒಳಗೆ ಬಾರದಿರುವುದು, ಲಕ್ಷ್ಮಿ ಹೊರಗೆ ಹೋಗದಿರುವುದು. ಜೊತೆಗೆ ಮಾತೂ ಒಳಗೇ ಉಳಿಯಿತು. ಆದರೆ ಇದೇ ಹೊಸಿಲು ಲಕ್ವ ಹೊಡೆದು ಕಾಲೆಳೆಯುವವರಿಗೆ ಬೆಟ್ಟ, ಗಾಲಿಕುರ್ಚಿಗೆ ಗೋಡೆ. ಒಂದೇ ಮರದ ತುಂಡು ಒಬ್ಬರ ಮಾನ ಕಾಯುತ್ತದೆ, ಇನ್ನೊಬ್ಬರನ್ನು ಮುಗ್ಗರಿಸಿ ಬೀಳಿಸುತ್ತದೆ. ಎಲ್ಲ ಹೊಸಿಲುಗಳನ್ನೂ ಕೀಳಿಸುವುದಾಗಲಿ, ಮೈಲಿಗೆಯಾದೀತೆಂದು ಒಂದನ್ನೂ ಮುಟ್ಟದಿರುವುದಾಗಲಿ ಇದಕ್ಕೆ ಉಪಾಯವಲ್ಲ. ಮಾತಿನ ಚಿಕಿತ್ಸೆ ನಡೆಯುವ ಒಳಕೋಣೆಯ ಹೊಸಿಲು ಇರಲಿ, ನಡೆಯಲಾರದವರು ಅಲ್ಲಿಗೂ ಬರುವಂತಿದ್ದರೆ ಅದರ ಎರಡೂ ಕಡೆ ಮರದ ಇಳಿಜಾರು ಕೂಡಿಸಿದರಾಯಿತು. ಅಂಗಸಾಧನೆ ನಡೆಯುವ ಕೋಣೆಗೆ ಹೊಸಿಲು ಬೇಡವೇ ಬೇಡ.

ಆ ಕೋಣೆ ಯಾವುದಾಗಬೇಕು? ದನ ಕಟ್ಟುತ್ತಿದ್ದ ಜಾಗ! ಕೇಳಿ ಮೂಗು ಮುರಿಯಬೇಕಿಲ್ಲ. ಕಟ್ಟೆ ಎರಡಡಿ ಎತ್ತರವಿದ್ದರೆ ಅದಕ್ಕೆ ಸರಿಯಾದ ಇಳಿಜಾರು ಕಟ್ಟಲು ಇಪ್ಪತ್ನಾಲ್ಕು ಅಡಿ ಉದ್ದ ಬೇಕು. ಅಡಿಗೆ ಹನ್ನೆರಡು ಅಡಿ ಎಂಬುದು ಗಾಲಿಕುರ್ಚಿಯ ಲೆಕ್ಕ. ಅಷ್ಟು ಉದ್ದ ಹಾಕಿದರೆ ಇಳಿಜಾರು ಎದುರು ಮನೆಯ ಕಟ್ಟೆಗೇ ಹೋಗಿ ಮುಟ್ಟೀತು. ದನದ ಜಾಗವಾದರೋ ಬೀದಿಯ ಮಟ್ಟಕ್ಕೆ ಹತ್ತಿರವಿರುತ್ತದೆ, ಬಾಗಿಲೂ ಅಗಲ. ಎತ್ತು ಮೆಟ್ಟಿಲು ಹತ್ತುವುದಿಲ್ಲವಲ್ಲ. ಎತ್ತು ಹೋಗುವ ದಾರಿಯಲ್ಲಿ ಗಾಲಿಕುರ್ಚಿಯೂ ಹೋಗುತ್ತದೆ.

ಆದರೆ ಅಲ್ಲಿ ಬೇರೊಂದು ಉಪದ್ರವ ಕಾದಿರುತ್ತದೆ. ಐವತ್ತು ಅರವತ್ತು ವರ್ಷ ದನದ ಗಂಜಲ ಕುಡಿದ ನೆಲ ಅದು. ಗಂಜಲದ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಲವಣಗಳನ್ನಾಗಿ ಮಾರ್ಪಡಿಸಿರುತ್ತವೆ. ಹಿಂದೆ ಕೋವಿಮದ್ದಿನ ಪೆಟ್ಲುಪ್ಪು ತೆಗೆಯುವವರು ಹುಡುಕಿಕೊಂಡು ಬರುತ್ತಿದ್ದುದು ಇಂಥ ಮಣ್ಣನ್ನೇ. ಮಳೆಗಾಲದಲ್ಲಿ ಈ ಲವಣ ನೀರಿನಲ್ಲಿ ಕರಗಿ ಗೋಡೆಯೊಳಗೆ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರುತ್ತದೆ, ಬೇಸಿಗೆಯಲ್ಲಿ ನೀರು ಆರಿದಾಗ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಎಂಥ ಬಣ್ಣವನ್ನಾದರೂ ಒಳಗಿನಿಂದ ನೂಕಿ ಉದುರಿಸುತ್ತದೆ. “ಒಳ್ಳೇ ಕಂಪನಿ ಪೇಂಟ್ ಹೊಡಿಸಿದ್ರೂ ಉದುರಾಕ ಹತ್ತೇತ್ರಿ” ಎಂದು ಪೇಂಟರನ್ನು ಬೈದು ಫಲವಿಲ್ಲ. ನೆಲವನ್ನು ಒಂದೆರಡು ಅಡಿ ಅಗೆದು ಮಣ್ಣು ಹೊರಹಾಕಬೇಕು. ಗೋಡೆಗೆ ಸಿಮೆಂಟು ಬಳಿಯಬಾರದು. ಸಿಮೆಂಟು ಮಣ್ಣಿನ ಗೋಡೆಯ ಉಸಿರು ಕಟ್ಟಿಸುತ್ತದೆ. ಒಳಗಿನ ತೇವ ಹೊರಬರಲು ದಾರಿ ಕಾಣದೆ ಇನ್ನೂ ಮೇಲೇರುತ್ತದೆ, ಗೋಡೆಯ ಬುಡ ಮೆತ್ತಗಾಗುತ್ತದೆ, ಕಡೆಗೊಂದು ದಿನ ಸಿಮೆಂಟು ಹಪ್ಪಳದಂತೆ ಎದ್ದು ಬರುತ್ತದೆ. ಸುಣ್ಣದ ಗಾರೆ ಹಾಗಲ್ಲ, ಅದು ತೇವವನ್ನು ಬಿಟ್ಟುಕೊಡುತ್ತದೆ. ಸಾಧ್ಯವಾದರೆ ಗಾರೆ ಹಚ್ಚಿದ ಮೇಲೆ ಒಂದು ಮಳೆಗಾಲ ಕಳೆಯಲು ಬಿಟ್ಟು ಆಮೇಲೆ ಬಣ್ಣದ ಮಾತೆತ್ತಬೇಕು. ಇಷ್ಟು ತಾಳ್ಮೆ ಈಗ ಯಾರಿಗಿದೆ ಎನ್ನಬಹುದು. ಮೂರು ಸಲ ಪೇಂಟ್ ಮಾಡಿಸಿದವರಿಗೆ ತಾನಾಗಿಯೇ ಬರುತ್ತದೆ.

ಎರೆ ಭೂಮಿಯ ಮೇಲೆ ನಿಂತ ಮನೆಯಾದರೆ ಮತ್ತೂ ಒಂದು ಜಾಗ್ರತೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಹಳೇ ಗೋಡೆಗೆ ಅಂಟಿಸಿ ಹೊಸ ಶೌಚಾಲಯ ಕಟ್ಟಿದರೆ ಎರಡೂ ಬೇರೆ ಬೇರೆ ಲಯದಲ್ಲಿ ಏರಿ ಇಳಿದು ಕೂಡಿದಲ್ಲೇ ಬಿರುಕು ಬಿಡುತ್ತವೆ. ನಡುವೆ ಬೆರಳಗಲ ಅಂತರ ಬಿಟ್ಟು ಕಟ್ಟುವುದೇ ಜಾಣತನ. ಆ ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಬೇಕೆಂಬುದನ್ನು ಗೌಂಡಿಗೆ ಎರಡು ಸಲ ಹೇಳಬೇಕು. ರೋಗಿ ಒಳಗೆ ಜಾರಿ ಬಾಗಿಲಿಗೆ ಅಡ್ಡ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ನೂಕುವುದು ಹೇಗೆ? ಎಣ್ಣೆ ಹಚ್ಚಿ ನೀವುವ ಕೋಣೆಗೆ ನುಣುಪು ಟೈಲ್ಸು ಬೇಡ. ವಿದ್ಯುತ್ ಯಂತ್ರಗಳನ್ನು ಮೈಗೆ ತಾಗಿಸುವ ಕೆಲಸವಿದ್ದರೆ 30 ಮಿಲಿಆಂಪಿಯರಿನ ಸೋರಿಕೆಗೇ ಕರೆಂಟು ಕಡಿದುಹಾಕುವ ಸ್ವಿಚ್ಚು ಬೇಕೇಬೇಕು. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಲು ಮರೆಯಬಾರದು.

ಬ್ಯಾಡಗಿಯಲ್ಲಿ ಇವೆಲ್ಲದರ ಮೇಲೆ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಆದರೆ ಮಾರುಕಟ್ಟೆಗೆ ಬರುವುದು ಅದೊಂದೇ ಅಲ್ಲ, ಖಾರದ ಗುಂಟೂರು ತಳಿಗಳೂ ಬರುತ್ತವೆ. ಸುಗ್ಗಿಯಲ್ಲಿ ಚೀಲಗಳು ಎದ್ದು ಬಿದ್ದು ಹಾರಿಸುವ ಧೂಳು ಹೊಸಬರನ್ನು ಸಾಲಾಗಿ ಸೀನಿಸುತ್ತದೆ. ಊರವರಿಗೆ ಇದು ಅಭ್ಯಾಸ. ಆದರೆ ಉಸಿರಾಟದ ವ್ಯಾಯಾಮಕ್ಕೆ ಬಂದವರಿಗೆ, ನುಂಗಲು ಕಷ್ಟಪಡುವ ಲಕ್ವದ ರೋಗಿಗೆ ಒಂದು ಕೆಮ್ಮೂ ಅಪಾಯ. ಖಾರದ ಕ್ಯಾಪ್ಸೈಸಿನ್ ತಾಗುವುದು ಬಿಸಿಯನ್ನು ಅರಿಯುವ ನರತುದಿಗೇ ಎಂಬುದನ್ನು ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ತೋರಿಸಿತು. 2021ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲೂ ಸಿಕ್ಕಿತು. ಸೋಜಿಗವೆಂದರೆ ಫಿಜಿಯೋಥೆರಪಿಯವರ ಕಪಾಟಿನಲ್ಲಿರುವ ಕೆಲವು ನೋವಿನ ಮುಲಾಮುಗಳಲ್ಲೂ ಇದೇ ಕ್ಯಾಪ್ಸೈಸಿನ್ ಇರುತ್ತದೆ. ನರತುದಿಯನ್ನು ಮೊದಲು ಉರಿಸಿ, ಉರಿಸಿ, ಕಡೆಗೆ ಅದು ದೂರು ಹೇಳದಂತೆ ಮಾಡುತ್ತದೆ. ಮುಲಾಮಿನೊಳಗಿದ್ದರೆ ಮದ್ದು, ಗಾಳಿಯಲ್ಲಿದ್ದರೆ ಪೀಡೆ. ಮಾರುಕಟ್ಟೆಯ ದಿಕ್ಕಿನ ಕಿಟಕಿಯನ್ನು ಹಗಲು ಮುಚ್ಚಿ, ಮಾಳಿಗೆಯ ಬೆಳಕಿಂಡಿಗೆ ಗಾಜು ಕೂಡಿಸಿ, ನೆಲವನ್ನು ಸಾಬೂನು ನೀರಿನಿಂದ ಒರೆಸಬೇಕು. ಕ್ಯಾಪ್ಸೈಸಿನ್ ಬರೀ ನೀರಿಗೆ ಕರಗುವುದಿಲ್ಲ. ಬೆಳಕಿಂಡಿಯ ಬೆಳಕಿಗೆ ಇನ್ನೊಂದು ಗುಣವೂ ಉಂಟು: ಕೋಣೆ ಬೆಳಗುತ್ತದೆ, ಬೀದಿಯಿಂದ ಒಳಗಿನವರು ಕಾಣುವುದಿಲ್ಲ.

ಅಡಿಗೆಮನೆಯ ಒಗ್ಗರಣೆಯೂ ಇದೇ ಜಾತಿಯದು. ಅಳುತ್ತ ಕೂತವರ ಮಾತಿನ ನಡುವೆ ಕುಕ್ಕರ್ ಸೀಟಿ ಹೊಡೆದರೆ ಏನು ಚೆಂದ! ಸಂಸಾರಕ್ಕೂ ಇದರಲ್ಲಿ ಸುಖವಿಲ್ಲ. ಮಕ್ಕಳು ದಿನವಿಡೀ ಪಿಸುಗುಟ್ಟಿಕೊಂಡೇ ಇರಬೇಕೆಂದರೆ ಅದು ಮನೆಯಾಗಿ ಉಳಿಯುವುದಿಲ್ಲ. ಎರಡರ ನಡುವೆ ಒಂದು ಗಟ್ಟಿ ಬಾಗಿಲು, ಗೋಡೆಯ ಮೇಲೆ ಬರೆದಿಟ್ಟ ವೇಳೆ, ಇವೆರಡಕ್ಕೂ ಮನೆಯವರೆಲ್ಲರ ಒಪ್ಪಿಗೆ ಬೇಕು.

ಮತ್ತೆ ಆ ತಾಯಿಯ ಮಾತಿಗೆ ಬರೋಣ. ಮನೆಯಲ್ಲೇ ಚಿಕಿತ್ಸೆ ನಡೆಸಿದವರಲ್ಲಿ ಜಗತ್ಪ್ರಸಿದ್ಧನೆಂದರೆ ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್. ಬೆರ್ಗ್‌ಗಾಸ್ಸೆ ಬೀದಿಯ 19ನೇ ನಂಬರಿನ ಕಟ್ಟಡದಲ್ಲಿ 1891ರಿಂದ, ನಾಜಿಗಳ ಕಾಟಕ್ಕೆ ಲಂಡನ್ನಿಗೆ ಹೊರಟ 1938ರವರೆಗೆ, ಸಂಸಾರವೂ ಅಲ್ಲೇ, ಚಿಕಿತ್ಸೆಯೂ ಅಲ್ಲೇ. 1971ರಿಂದ ಅದು ವಸ್ತುಸಂಗ್ರಹಾಲಯ. ಅವನ ಮಂಚದ ಬಗ್ಗೆ ಪುಸ್ತಕಗಳೇ ಬಂದಿವೆ. ಅವನ ಸಿದ್ಧಾಂತಗಳಲ್ಲಿ ಎಷ್ಟೋ ಇಂದು ನಿಲ್ಲಲಿಲ್ಲ. ಆದರೆ ಆ ಮನೆಯ ಒಂದು ಬಾಗಿಲು ಮಾತ್ರ ಇವತ್ತಿಗೂ ಅನುಕರಣೀಯ. ಮಾತು ಮುಗಿಸಿದವರು ಬಂದ ದಾರಿಯಲ್ಲೇ ಹಿಂದಿರುಗಿ, ಹೊರಗೆ ಕಾದು ಕೂತವರ ಮುಖ ನೋಡಬೇಕಿರಲಿಲ್ಲ. ಗೋಡೆಯ ಕಾಗದವನ್ನೇ ಹೊದ್ದು ಗೋಡೆಯಂತೆ ಕಾಣುತ್ತಿದ್ದ ಬೇರೊಂದು ಬಾಗಿಲಿನಿಂದ ಹೊರಟುಹೋಗುತ್ತಿದ್ದರು.

ಹಾವೇರಿ ರಾಣೇಬೆನ್ನೂರಿನ ಹಳೇ ಮನೆಗಳಲ್ಲಿ ಇಂಥದೊಂದನ್ನು ಹೊಸತಾಗಿ ಕೊರೆಯಬೇಕಾಗಿಲ್ಲ. ಹಿತ್ತಲ ಬಾಗಿಲು ಇದ್ದೇ ಇದೆ. ಎಷ್ಟೋ ಮನೆಗಳಲ್ಲಿ ಅದು ಹಿಂದಿನ ಸಂದಿಗೆ ಇಲ್ಲವೇ ಇನ್ನೊಂದು ಓಣಿಗೆ ತೆರೆಯುತ್ತದೆ. ರಿಪೇರಿಯ ಭರಾಟೆಯಲ್ಲಿ ಎಲ್ಲರಿಗಿಂತ ಮೊದಲು ಇಟ್ಟಿಗೆ ಇಟ್ಟು ಮುಚ್ಚಿಸುವುದು ಇದನ್ನೇ – ಕಳ್ಳರ ಭಯ, ಇಲ್ಲವೇ ವಾಸ್ತುವಿನ ನೆವ. ಹಿತ್ತಲಿಂದ ಕಳಿಸಿದರೆ ಬಂದವರಿಗೆ ಅವಮಾನವಾಗದೇ ಎಂದು ಕೇಳುವವರೂ ಇದ್ದಾರೆ. ಕಳಿಸಿದರೆ ಅವಮಾನವೇ ಸರಿ. ಎರಡು ಬಾಗಿಲು ತೋರಿಸಿ ಯಾವುದು ಬೇಕೋ ಅದರಲ್ಲಿ ಹೋಗಿ ಬನ್ನಿ ಎಂದರೆ ಅದು ಮರ್ಯಾದೆ. ಮೊಣಕಾಲು ನೋವಿನ ಯಜಮಾನರು ಮುಂಬಾಗಿಲಿನಿಂದಲೇ ಬಂದು ಕಟ್ಟೆಯ ಮೇಲೆ ನಾಲ್ಕು ಮಾತಾಡಿ ಹೋಗಲಿ. ಮಗನ ಕೈ ಹಿಡಿದ ತಾಯಿ ತನಗೆ ಬೇಕೆನಿಸಿದ ದಿನ ಹಿಂದಿನಿಂದ ಬರಲಿ. ಮಗ ಮೊದಲ ಸಲ “ಅವ್ವಾ” ಎಂದ ದಿನ ಬೇಕಾದರೆ ಮುಂದಿನಿಂದಲೇ ಹೊರಡಲಿ.

ಹಿತ್ತಲ ದಾರಿಯ ಕಲ್ಲು ಮುಳ್ಳು ತೆಗೆಸಿ, ಹಾಸುಗಲ್ಲು ಕೂಡಿಸಿ, ಒಂದು ಬಲ್ಬು ಹಾಕಿಸಿದರೆ ದಾರಿ ಸಿದ್ಧ. ಹಳೇ ಬಾಗಿಲು ತೆರೆದಾಗಲೆಲ್ಲ ಕಿರ್ರೆಂದು ಓಣಿಗೆಲ್ಲ ಡಂಗುರ ಸಾರುತ್ತದೆ. ಅದರ ತಿರುಗಣಿಗೆ ಎರಡು ಹನಿ ಎಣ್ಣೆ ಬಿಡಬೇಕು.