ಕೊಯ್ಲಿಗೆ ಮುಂಚೆ ಪೂರ್ತಿ ದಿನದ ಹಾಜರಿ ಕೊಡಿ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟದ ಮಾಲೀಕರಲ್ಲಿ, ಲೈನ್ ಮನೆಗಳ ಅಕ್ಕ-ತಂಗಿಯರಲ್ಲಿ ಒಂದು ಮನವಿ.

ಗರ್ಭಕಂಠದ ಕ್ಯಾನ್ಸರಿಗೆ ಬಹುಪಾಲು ಕಾರಣ ಎಚ್‌ಪಿವಿ ಎಂಬ ವೈರಸ್. 2022ರಲ್ಲಿ ದೇಶದ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕಾಯಿಲೆ ಬಂತು, ಹತ್ತಿರಹತ್ತಿರ 80 ಸಾವಿರ ಮಂದಿ ತೀರಿಕೊಂಡರು ಎಂಬ ಅಂದಾಜಿದೆ. ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಅದು ಒಂದೆರಡು ವರ್ಷದಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಉಳಿದುಕೊಂಡರೂ ಕ್ಯಾನ್ಸರಾಗಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ. ಇಷ್ಟು ಕಾಲಾವಕಾಶವಿದ್ದೂ ನಮ್ಮ ಹೆಂಗಸರು ಆಸ್ಪತ್ರೆ ಸೇರುವುದು ರಕ್ತಸ್ರಾವ ಶುರುವಾದ ಮೇಲೆ.

ಸೋಂಕು ಯಾರಲ್ಲಿ ಕೆಡುಕಿಗೆ ತಿರುಗುತ್ತಿದೆ ಎಂದು ತಿಳಿಯಲು ಪ್ರೋಟೀನ್ ಪರೀಕ್ಷೆ ನೆರವಾಗುತ್ತದೆ. ವೈರಸ್ಸಿನ ಇ7 ಪ್ರೋಟೀನು, ಜೀವಕೋಶ ಮಿತಿಮೀರಿ ಬೆಳೆಯದಂತೆ ತಡೆಯುವ ಆರ್‌ಬಿ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಆಗ ಕೋಶದಲ್ಲಿ ಪಿ16 ಎಂಬ ಮತ್ತೊಂದು ಪ್ರೋಟೀನು ಹೆಚ್ಚುತ್ತದೆ. ಗರ್ಭಕಂಠದಿಂದ ತೆಗೆದ ಸ್ಮಿಯರಿಗೆ ಬಣ್ಣ ಹಾಕಿದರೆ ಅದು ಕಾಣುತ್ತದೆ. ಘಟ್ಟದ ಕೆಳಗಿನ ಮಣಿಪಾಲದಲ್ಲೂ ಲೇಸರ್ ಬಳಸಿ ಪ್ರೋಟೀನುಗಳಿಂದ ಕ್ಯಾನ್ಸರಿನ ಸುಳಿವು ಹಿಡಿಯುವ ಸಂಶೋಧನೆ ನಡೆದಿದೆ. ಹಾಗೆಂದು ‘ಒಂದು ತೊಟ್ಟು ರಕ್ತದಲ್ಲಿ ಎಲ್ಲ ಕ್ಯಾನ್ಸರ್ ಪತ್ತೆ’ ಎಂಬ ಜಾಹೀರಾತಿಗೆ ದುಡ್ಡು ಸುರಿಯಬೇಡಿ.

ಸರ್ಕಾರಿ ಆಸ್ಪತ್ರೆಯ ಸರಳ ಪರೀಕ್ಷೆಯಿಂದಲೇ ಶುರುಮಾಡೋಣ. 30 ದಾಟಿದವರಿಗೆ 5 ವರ್ಷಕ್ಕೊಮ್ಮೆ ಮಾಡಬೇಕಾದ ವಿಐಎ ಪರೀಕ್ಷೆಯಲ್ಲಿ ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಹಚ್ಚುತ್ತಾರೆ. ಸಂಶಯದ ಜಾಗ ಬೆಳ್ಳಗಾಗುತ್ತದೆ. ಕೆಲವೇ ನಿಮಿಷದ ಕೆಲಸ, ದುಡ್ಡು ಕೊಡಬೇಕಿಲ್ಲ. ಆದರೆ ಬಸ್ಸು ಹಿಡಿದು ಹೋಗಿಬರುವಷ್ಟರಲ್ಲಿ ಆ ದಿನದ ಹಾಜರಿ ಹೋಗಿರುತ್ತದೆ. ಹೆಂಗಸರು ನಾಚಿಕೆಗೆ ಬರುವುದಿಲ್ಲ ಎನ್ನುವುದು ನಮಗೆ ಅನುಕೂಲದ ಮಾತು. ನಾಚಿಕೆ ಇದ್ದೀತು, ಕೂಲಿಯ ಚಿಂತೆ ಅದಕ್ಕಿಂತ ದೊಡ್ಡದು.

ಆದ್ದರಿಂದ ಸಾವುಕಾರರೇ, ಮಳೆ ಬಿಟ್ಟು ಹಣ್ಣಿನ ಕೊಯ್ಲು ಶುರುವಾಗುವ ಮೊದಲು ಸರದಿಯಂತೆ ತೋಟದ ಜೀಪಿನಲ್ಲೇ ಹೆಂಗಸರನ್ನು ಕಳಿಸಿ. ಹಾಜರಿ ಪೂರ್ತಿ ಹಾಕಿಸಿ. ‘ಏನಾಗಿದೆ’ ಎಂದು ರೈಟರು, ಮೇಸ್ತ್ರಿ ಯಾರೂ ಕೇಳದಿರಲಿ. ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ಬಂದವರನ್ನೂ ಬಿಡಬೇಡಿ.

ಆರೋಗ್ಯ ಇಲಾಖೆಯವರೇ, ಬೆಳ್ಳಗಾದ ಜಾಗ ಕಂಡವರಿಗೆ ‘ದೊಡ್ಡಾಸ್ಪತ್ರೆಗೆ ಹೋಗಿ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಬೇಡಿ. ಯಾವ ಊರು, ಯಾವ ದಿನ, ಯಾರನ್ನು ಕಾಣಬೇಕು ಎಂದು ಬರೆದ ಚೀಟಿ ಕೈಗೆ ಕೊಡಿ. ಪಿ16 ಪರೀಕ್ಷೆ ಬೇಕೆಂದು ವೈದ್ಯರಿಗೆ ಅನಿಸಿದರೆ ಸ್ಮಿಯರ್ ಮಾದರಿಯನ್ನು ಜಿಲ್ಲೆಯಿಂದಲೇ ಲ್ಯಾಬಿಗೆ ಕಳಿಸುವ ಏರ್ಪಾಡಾಗಲಿ. ಮಾದರಿ ಘಟ್ಟ ಇಳಿದರೆ ಸಾಕು, ಹೆಂಗಸು ಇಳಿಯಬೇಕಿಲ್ಲ.

ನಿಮ್ಮ ತೋಟದಲ್ಲಿ 30 ದಾಟಿದ ಹೆಂಗಸರು ಎಷ್ಟು ಮಂದಿ? ಈ ವಾರವೇ ಆಶಾ ಕಾರ್ಯಕರ್ತೆಯನ್ನು ಕರೆದು ಪಟ್ಟಿ ಬರೆಸಿ.